ರೇಷ್ಮೆ ಚಿಟ್ಟೆಯ ತಲೆಯಲ್ಲಿ ಇನ್ಸುಲಿನ್

ಜಪಾನಿಗೆ ಹೋಗಿಬಂದವರು ಅಲ್ಲಿನ ರೈಲು ಒಂದು ನಿಮಿಷವೂ ತಪ್ಪದೆ ಬರುತ್ತದೆ ಎಂದು ಹೇಳದೆ ಬಿಡುವುದಿಲ್ಲ. ಬರುತ್ತದೆ, ಸುಳ್ಳಲ್ಲ. ಆದರೆ ಅಲ್ಲಿದ್ದ ಆರು ದಿನವೂ ನಾನು ಒಬ್ಬರಲ್ಲ ಒಬ್ಬರ ಮೇಲೆ ಸಿಟ್ಟಾಗಿದ್ದೆ. ಕೊನೆಗೆ ಆ ಸಿಟ್ಟು ಯಾರ ಮೇಲೆ ಹೋಗಿ ಕೂತಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ರೈಲಿನ ವಿಚಾರ ಬೇಕಾದವರು ಬೇರೆ ಯಾರನ್ನಾದರೂ ಕೇಳಲಿ.

ಗೌನಿಪಲ್ಲಿ, ಹೊರಡುವ ದಿನ

ಗೌನಿಪಲ್ಲಿಯಲ್ಲಿ ನಮ್ಮದೊಂದು ಚಾಕಿ ಕೇಂದ್ರವಿದೆ. ರೇಷ್ಮೆ ಮೊಟ್ಟೆ ಒಡೆಸಿ, ಎಳೆ ಹುಳುವನ್ನು ಎರಡು ಜ್ವರ ದಾಟುವವರೆಗೆ ಸಾಕಿ ರೈತರಿಗೆ ಕೊಡುವ ಕೆಲಸ. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ ನಮ್ಮವರು ಇಟ್ಟ ಹೆಸರು. ಕೋಲಾರದಲ್ಲಿ ರೇಷ್ಮೆ ವಿಷಯವನ್ನೇ ಓದಿ ಪದವಿ ಪಡೆದವಳು ನಾನು. ಹತ್ತು ಜನ ಹೆಂಗಸರು ನಮ್ಮಲ್ಲಿ ಕೆಲಸ ಮಾಡುತ್ತಾರೆ. ಜಿಲ್ಲೆಯಿಂದ ಜಪಾನಿಗೆ ಹೊರಟ ತಂಡದಲ್ಲಿ ನನ್ನನ್ನು ಸೇರಿಸಿದ್ದು ಎಳೆ ಹುಳು ಸಾಕುವ ಕೈಗುಣಕ್ಕೆ ಎಂದುಕೊಂಡಿದ್ದೆ. ಒಬ್ಬ ಹೆಂಗಸಾದರೂ ಇರಲಿ ಎಂದು ಸೇರಿಸಿದ್ದು ಎಂಬುದು ವಿಮಾನ ಹತ್ತಿದ ಮೇಲೆ ಗೊತ್ತಾಯಿತು. ಮೊದಲ ಸಿಟ್ಟು ಅಲ್ಲೇ ಬಂತು.

ಮಗಳು ಪಲ್ಲವಿಗೆ ಹನ್ನೆರಡು ವರ್ಷ. ಏಳನೇ ವಯಸ್ಸಿಗೆ ಅವಳಿಗೆ ಸಕ್ಕರೆ ಕಾಯಿಲೆ ಬಂತು. ನಡುವಯಸ್ಸಿನವರಿಗೆ ಬರುವಂಥದ್ದಲ್ಲ ಇದು. ಮೈಯೇ ಇನ್ಸುಲಿನ್ ಮಾಡುವುದನ್ನು ನಿಲ್ಲಿಸಿಬಿಡುತ್ತದೆ. ದಿನಾ ಸೂಜಿ ಚುಚ್ಚಿಕೊಂಡರೆ ಮಾತ್ರ ಜೀವ ನಿಲ್ಲುತ್ತದೆ. ಶ್ರೀನಿವಾಸಪುರದ ಬಸ್ಸಿನಲ್ಲಿ ಹೆಂಗಸೊಬ್ಬಳು, "ಬಸುರೀಲಿ ನೀವು ಸ್ವೀಟ್ ಜಾಸ್ತಿ ತಿಂದಿದ್ರೇನಮ್ಮಾ?" ಎಂದು ಕೇಳಿದ್ದಳು. ನಾನು ಬೈದ ಜೋರಿಗೆ ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ.

ನಮ್ಮಲ್ಲಿರುವುದು ಒಂದೇ ಫ್ರಿಜ್. ಮೊಟ್ಟೆಗೆಂದು ತಂದದ್ದು, ಪಲ್ಲವಿಯ ಇನ್ಸುಲಿನ್ ಬಾಟಲಿಗಳೂ ಅದರಲ್ಲೇ ಇರುತ್ತವೆ. ನಾನಿಲ್ಲದಾಗ ಮೊಟ್ಟೆ ಒಡೆಯಬಾರದು ಎಂದು ಮೊಟ್ಟೆ ಹಾಳೆಗಳನ್ನೆಲ್ಲ ಅದರೊಳಗೆ ಜೋಡಿಸಿದೆ. ಕರೆಂಟು ಯಾವಾಗ ಹೋಗುತ್ತದೋ ಯಾವಾಗ ಬರುತ್ತದೋ, ಅದಕ್ಕೇ ತಂಪಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಊರು ಬಿಡುವಾಗ ಮೊಟ್ಟೆ ಇಟ್ಟುಕೊಂಡವರೆಲ್ಲ ಮಾಡುವುದೇ ಅದು.

ಗಂಡ ನಾರಾಯಣಸ್ವಾಮಿಗೆ ಹೇಳಿದೆ, "ಬಾಗ್ಲು ಸುಮ್‌ಸುಮ್ನೆ ತೆಗೀಬೇಡಿ. ಸೂಜಿಗೆ ಒಂದು ಗಂಟೆ ಮುಂಚೆ ಬಾಟ್ಲು ಈಚೆಗಿಡಿ, ತಣ್ಣಗಿದ್ರೆ ಮಗೀಗೆ ಉರಿಯತ್ತೆ."

"ಆಯ್ತು ಕಣೇ. ಇಷ್ಟು ದಿನ ನಾನು ನೋಡ್ಕೊಂಡೇ ಇಲ್ವಾ?"

ಜೂನ್ ತಿಂಗಳು. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಜೂನ್ ಎಂದರೆ ಮನೆ, ಅಂಗಡಿ, ಬಸ್ಸು ಎಲ್ಲವೂ ಮಾವಿನ ವಾಸನೆ ಹೊಡೆಯುತ್ತದೆ. ಪಲ್ಲವಿಗೆ ಬೆರಳು ತೋರಿಸಿದೆ.

"ಒಂದು ಹೋಳು ಜಾಸ್ತಿ ತಿಂದ್ರೂ ನಂಗೆ ಗೊತ್ತಾಗುತ್ತೆ."

"ಜಪಾನಿಂದ್ಲಾ?"

"ಹೂಂ, ಜಪಾನಿಂದ್ಲೇ."

ಟೋಕಿಯೋ, ಮಾತಿಲ್ಲದ ರೈಲು

ತಂಡದ ಮುಖ್ಯಸ್ಥರು ಮಾಲೂರಿನವರು. ಹಿಪ್ಪುನೇರಳೆ ಸೊಪ್ಪನ್ನು ಫೋಟೋದಲ್ಲಿ ಮಾತ್ರ ನೋಡಿರಬಹುದಾದ ಮನುಷ್ಯ. ಎಲ್ಲಿ ಹೋದರೂ ನನ್ನನ್ನು "ಸಹಾಯಕಿ" ಎಂದು ಪರಿಚಯಿಸುತ್ತಿದ್ದರು. ನನ್ನ ಜೊತೆ ಮಾತಿಗೆ ಸಿಕ್ಕವರು ಬೈರಕೂರಿನ ಚೌಡಪ್ಪ ಒಬ್ಬರೇ. ಮೂವತ್ತು ವರ್ಷದಿಂದ ಹುಳು ಸಾಕುವ ರೈತ. ಒಂದು ವಾಕ್ಯ ಕನ್ನಡದಲ್ಲಿ ಶುರುವಾದರೆ ತೆಲುಗಿನಲ್ಲಿ ಮುಗಿಯುತ್ತಿತ್ತು.

ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಅಷ್ಟು ಜನ ಕೂತಿದ್ದಾರೆ, ನಿಂತಿದ್ದಾರೆ, ಒಂದು ಕೆಮ್ಮೂ ಇಲ್ಲ. ಚೌಡಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ, "ಏಮ್ಮಾ, ಯಾರಾನಾ ಸತ್ತವ್ರಾ?" ಎಂದು ಕೇಳಿದರು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಊರಲ್ಲಿ ಆಗ ಬೆಳಿಗ್ಗೆ ಎಂಟು ಗಂಟೆ.

"ಶುಗರ್ ಮುನ್ನೂರೈವತ್ತು ತೋರಿಸ್ತೈತೆ," ಎಂದರು ನಾರಾಯಣಸ್ವಾಮಿ.

"ಮುನ್ನೂರೈವತ್ತಾ? ಏನು ತಿಂದ್ಲು?"

"ಏನೂ ಇಲ್ಲ ಅಂತಾಳೆ. ರಾತ್ರಿ ಮುದ್ದೆ, ಸೊಪ್ಪಿನ ಸಾರು."

"ಬರೀ ಮುದ್ದೆಗೆ ಮುನ್ನೂರೈವತ್ತು ಬರತ್ತಾ? ಹಣ್ಣಿನ ಬುಟ್ಟಿ ನೋಡಿ ಹೋಗಿ!"

ಇಡೀ ಡಬ್ಬಿಯ ಜನ ನೆಲ ನೋಡುತ್ತಿದ್ದರು. ಎದುರಿಗಿದ್ದ ಮುದುಕಿ ಎದ್ದು ನಿಂತು ನನಗೆ ತಲೆಬಾಗಿ ಬೇರೆ ಡಬ್ಬಿಗೆ ಹೋದಳು. ತಪ್ಪು ಮಾಡಿದವಳು ನಾನು, ಕ್ಷಮೆ ಕೇಳಿದವಳು ಅವಳು. ಅದಕ್ಕೂ ಸಿಟ್ಟು ಬಂತು. ನಮ್ಮ ಬಸ್ಸಿನಲ್ಲಾಗಿದ್ದರೆ ನಾಲ್ಕು ಜನ ಸುತ್ತ ಸೇರಿ, "ಯಾರಿಗೆ ಶುಗರ್ರು? ಮಗಳಿಗಾ?" ಎಂದು ಕೇಳಿ, ಬೇಡವೆಂದರೂ ಮೂರು ಮದ್ದು ಹೇಳುತ್ತಿದ್ದರು. ಆ ಮಾತನ್ನು ಕೇಳಿದರೆ ಉರಿದುಬೀಳುವವಳು ನಾನು. ಅವತ್ತು ಅದಾದರೂ ಇದ್ದಿದ್ದರೆ ಅನ್ನಿಸಿತು.

ಗುನ್ಮಾ, ಹುಳುಮನೆಯ ಬಾಗಿಲು

ಅಲ್ಲಿಂದ ಗುನ್ಮಾ ಎಂಬ ಸೀಮೆಗೆ ಹೋದೆವು. ಒಂದು ಕಾಲಕ್ಕೆ ನಮ್ಮ ಜಿಲ್ಲೆಯ ಹಾಗೇ ಮನೆಮನೆಯಲ್ಲೂ ಹುಳು ಸಾಕುತ್ತಿದ್ದ ಊರುಗಳಂತೆ. ಈಗ ಬೆರಳೆಣಿಕೆಯ ಮನೆಗಳಲ್ಲಿ ಉಳಿದಿದೆ. ಜೊತೆಗೆ ಒಂದು ಸಂಶೋಧನಾಲಯ.

ಅದರ ಹುಳುಮನೆಯ ಬಾಗಿಲಲ್ಲಿ ಕಾಲು ತೊಳೆಸಿದರು, ಕೈ ತೊಳೆಸಿದರು, ಚಪ್ಪಲಿ ಬದಲಿಸಿದರು. ನನಗೆ ಹಿತವಾಯಿತು. ಊರಲ್ಲಿ ಇದನ್ನೇ ನಾನು ಮಾಡಿಸಿದರೆ ಜನ ನನ್ನನ್ನು ಮಡಿ ಹೆಂಗಸು ಎಂದು ಆಡಿಕೊಳ್ಳುತ್ತಾರೆ. ಅಷ್ಟರಲ್ಲಿ ಬಾಗಿಲಲ್ಲಿದ್ದ ಹುಡುಗಿ ನನ್ನ ಹತ್ತಿರ ಬಂದು ಮೂಗು ಅರಳಿಸಿ, ಎರಡು ಕೈಯನ್ನೂ ಕತ್ತರಿಯಂತೆ ಅಡ್ಡ ಹಿಡಿದಳು. ವಿಮಾನದ ತಲೆನೋವಿಗೆ ಹಣೆಗೆ ಮುಲಾಮು ಹಚ್ಚಿಕೊಂಡಿದ್ದೆ. ಘಾಟು ಹುಳುವಿಗೆ ಆಗದು. ನಶ್ಯ ಹಾಕಿದವರನ್ನೂ ಬೀಡಿ ಸೇದಿದವರನ್ನೂ ಹದಿನೆಂಟು ವರ್ಷದಿಂದ ಬಾಗಿಲಲ್ಲೇ ತಡೆದವಳು ನಾನು. ನನ್ನನ್ನೇ ತಡೆದರು. ಹುಳುವಿನ ಮುಖ ಕಾಣದ ಮುಖ್ಯಸ್ಥರು ಒಳಗೆ ಹೋದರು. ನಾನು ಮಳೆಯಲ್ಲಿ ಕೊಡೆ ಹಿಡಿದು ನಿಂತೆ.

ಮಧ್ಯಾಹ್ನ ಸಣ್ಣ ಬಟ್ಟಲಲ್ಲಿ ಕಪ್ಪಗೆ, ಸಿಹಿಯಾಗಿ ಬೇಯಿಸಿದ ಏನೋ ಬಂತು. ಚೌಡಪ್ಪ ಎರಡು ಬಾಯಿಗೆ ಹಾಕಿಕೊಂಡ ಮೇಲೆ ಮೂರನೆಯದನ್ನು ಎತ್ತಿ ಹಿಡಿದು ನೋಡಿದರು. ಗೂಡಿನೊಳಗಿನ ರೇಷ್ಮೆ ಹುಳು.

"ಅಯ್ಯೋ ದೇವುಡಾ! ಮೂವತ್ತು ವರ್ಷ ಸಾಕಿದೀನಿ, ಒಂದಿನಾನೂ ಇದರ ರುಚಿ ನೋಡಿರ್ಲಿಲ್ಲ."

"ಹೆಂಗೈತೆ?"

"ಚೆನ್ನಾಗೇ ಐತಮ್ಮಾ. ಅದೇ ಬೇಜಾರು."

ಆ ಆರು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಅದೇ ಊರು, ಮಾರನೆಯ ದಿನ

ಮಾರನೆಯ ದಿನ ಶುಗರ್ ಮೀಟರು ಸಂಖ್ಯೆ ತೋರಿಸುವುದನ್ನೇ ಬಿಟ್ಟು "ಹೈ" ಎಂದು ತೋರಿಸಿತು. ನಾನು ವಿಡಿಯೋ ಕರೆ ಮಾಡಿದೆ. ಊರಲ್ಲಿ ಒಂಬತ್ತು ಗಂಟೆ, ಹೆಂಗಸರೆಲ್ಲ ಕೆಲಸಕ್ಕೆ ಬಂದಿದ್ದರು. ಪಕ್ಕದ ಮನೆಯ ಶಬಾನಾ ಆಪಾ ಕೂಡ ಇದ್ದರು. ಗೂಡಿನಿಂದ ನೂಲು ಬಿಚ್ಚುವ ಮನೆತನದವರು, ಪಲ್ಲವಿಯನ್ನು ಎತ್ತಿ ಆಡಿಸಿದವರು.

"ನಾನು ತಿಂದಿಲ್ಲ ಕಣಮ್ಮ," ಎಂದಳು ಪಲ್ಲವಿ. ಮುಖ ಬಾಡಿಹೋಗಿತ್ತು. ಬಾಯಾರಿಕೆಯಿಂದ ತುಟಿ ಒಡೆದಿತ್ತು.

"ಸುಳ್ಳು ಹೇಳ್ಬೇಡ. ಬ್ಯಾಗ್ ತೆಗೀರಿ, ಸುರೀರಿ ಕೆಳಗೆ!"

ನಾರಾಯಣಸ್ವಾಮಿ ಸ್ಕೂಲ್ ಬ್ಯಾಗನ್ನು ಎಲ್ಲರ ಮುಂದೆ ನೆಲಕ್ಕೆ ಸುರಿದರು. ಪುಸ್ತಕ, ಕಂಪಾಸು, ಕಾಗದದಲ್ಲಿ ಸುತ್ತಿದ ಒಂದು ಮಾವಿನ ಓಟೆ.

"ಇದೇನು?"

"ಅದು ಸೈನ್ಸ್ ಟೀಚರ್ ತರ್ಸಿದ್ದು. ಗಿಡ ಮಾಡೋಕೆ."

"ಕಳ್ಳಿ," ಎಂದೆ ನಾನು. ಹನ್ನೊಂದು ಹೆಂಗಸರು ಕೇಳಿಸಿಕೊಂಡರು. ನಾಲ್ಕೂವರೆ ಇಂಚಿನ ಪರದೆಯಲ್ಲಿ ನನ್ನ ಮಗಳು ನನ್ನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಕೂತು ಪುಸ್ತಕ ಆರಿಸಿಕೊಳ್ಳತೊಡಗಿದಳು. ಶಬಾನಾ ಆಪಾ, "ಅರೆ, ಬಿಡಮ್ಮಾ, ಬಚ್ಚಿ ಹುಷಾರಿಲ್ದಂಗೆ ಕಾಣ್ತಾಳೆ," ಎಂದದ್ದು ಕೇಳಿಸಿತು. ನಾನು ಅವರಿಗೂ ಒಂದು ಮಾತು ಅಂದು ಫೋನ್ ಇಟ್ಟೆ.

ಚಿಟ್ಟೆಯ ತಲೆ

ಅದರ ಮಾರನೆಯ ಬೆಳಿಗ್ಗೆ ಮೋರಿ ಎಂಬ ವಿಜ್ಞಾನಿ ನಮಗೆ ಪ್ರಯೋಗಾಲಯ ತೋರಿಸಿದರು. ಐವತ್ತು ದಾಟಿದ ಹೆಂಗಸು. ಇಂಗ್ಲಿಷನ್ನು ನಮ್ಮ ಹಾಗೇ ಒಂದೊಂದೇ ಪದ ಹುಡುಕಿ ಮಾತಾಡುತ್ತಿದ್ದರಿಂದ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಮುಖ್ಯಸ್ಥರು ಹೊರಗಿನ ಸಭಾಂಗಣದಲ್ಲಿ ಭಾಷಣಕ್ಕೆ ನಿಂತಿದ್ದರು. ಒಳಗೆ ಹೋದವರು ನಾನು, ಚೌಡಪ್ಪ ಇಬ್ಬರೇ.

ಆಕೆ ಹೇಳಿದ್ದು ಇದು. ಹುಳುವಿನ ಮೈಯಲ್ಲಿ ಬದಲಾವಣೆ ತರುವ ರಸ ಯಾವುದೆಂದು ಹುಡುಕುತ್ತ ಜಪಾನಿನ ವಿಜ್ಞಾನಿಗಳು ಹಿಂದೆ ಲಕ್ಷಗಟ್ಟಲೆ ರೇಷ್ಮೆ ಚಿಟ್ಟೆಗಳ ತಲೆ ಕತ್ತರಿಸಿ, ಅರೆದು, ಸೋಸಿದರಂತೆ. ಕೊನೆಗೆ ಚಿಟಿಕೆಗೂ ಸಾಲದಷ್ಟು ಸಿಕ್ಕಿತು. ಅದರ ಕಟ್ಟು ಬಿಚ್ಚಿ ನೋಡಿದರೆ ಮಣಿ ಪೋಣಿಸಿದಂಥ ಎರಡು ಸರ, ಸರಗಳ ನಡುವೆ ಗಂಟುಗಳು. ನಮ್ಮ ಇನ್ಸುಲಿನ್ ಇರುವುದೂ ಹಾಗೇ, ಗಂಟು ಬಿದ್ದಿರುವುದೂ ಅದೇ ಜಾಗಗಳಲ್ಲಿ.

"ಹಂದಿಯ ಇನ್ಸುಲಿನ್‌ಗೂ ನಮ್ಮದಕ್ಕೂ ಒಂದೇ ಒಂದು ಮಣಿ ವ್ಯತ್ಯಾಸ. ಹಸುವಿನದಕ್ಕೆ ಮೂರು. ಅದಕ್ಕೇ ಮೊದಲೆಲ್ಲ ಅವುಗಳ ಮೇದೋಜೀರಕದಿಂದಲೇ ತೆಗೆದು ಜನರಿಗೆ ಕೊಡುತ್ತಿದ್ದರು. ಹುಳುವಿನದು ದೂರದ ನೆಂಟ. ನಿಮ್ಮ ಸಕ್ಕರೆ ಇಳಿಸುವುದಿಲ್ಲ. ಆದರೆ ನೆಂಟ ಹೌದು," ಎಂದರು.

ನೊಣದಲ್ಲಿ ಇದೆ, ಎರೆಹುಳುವಿನಂಥ ಹುಳುಗಳಲ್ಲಿ ಇದೆ, ಬಸವನಹುಳುವಿನಲ್ಲಿ ಇದೆ. ಬೆನ್ನುಮೂಳೆ ಎಂಬುದು ಲೋಕದಲ್ಲಿ ಹುಟ್ಟುವ ಮುಂಚೆಯೇ ಇದು ಹುಟ್ಟಿತ್ತು. ಮೇವು ಬಂತು, ಇನ್ನು ಬೆಳೆಯಬಹುದು ಎಂದು ಮೈಗೆ ತಿಳಿಸುವುದೇ ಇದರ ಹಳೆಯ ಕೆಲಸವಂತೆ. ಹುಳು ಹುಪ್ಪಟೆಗಳಲ್ಲಿ ಮಿದುಳಿನಲ್ಲಿ ಕೂತದ್ದು ನಮ್ಮ ಕಡೆಯ ಪ್ರಾಣಿಗಳಲ್ಲಿ ಹೊಟ್ಟೆಗೆ ಬಂತು. ಸಮುದ್ರದ ಒಂದು ಬಸವನಹುಳುವಂತೂ ಮೀನಿನ ಇನ್ಸುಲಿನ್‌ನಂಥದ್ದನ್ನೇ ತಯಾರಿಸಿ ನೀರಿಗೆ ಬಿಡುತ್ತದೆ. ಸಕ್ಕರೆ ಇಳಿದು ಮೀನು ಮಂಕಾಗುತ್ತದೆ, ಆಗ ನುಂಗುತ್ತದೆ.

ನನಗೆ ಮೈಯೆಲ್ಲ ಉರಿಯಿತು. ಬಸವನಹುಳುವಿಗೆ ವಿಷಕ್ಕೆಂದು ನೀರಿಗೆ ಚೆಲ್ಲುವಷ್ಟಿದೆ, ನನ್ನ ಮಗಳಿಗೆ ಒಂದು ಹನಿ ಇಲ್ಲ. ಓದುವಾಗ, ರೋಗ ಇದೆಯೇ ಎಂದು ಪರೀಕ್ಷಿಸಲು ಮೊಟ್ಟೆಯಿಟ್ಟ ಚಿಟ್ಟೆಗಳನ್ನು ಒರಳಲ್ಲಿ ಅರೆದು ಸೂಕ್ಷ್ಮದರ್ಶಕದಡಿ ಇಟ್ಟು ಎಷ್ಟು ನೋಡಿಲ್ಲ. ಆ ತಲೆಯೊಳಗೆ ಇಂಥದ್ದೊಂದು ಇದೆ ಎಂದು ಮೂರು ವರ್ಷದಲ್ಲಿ ಯಾವ ಮೇಷ್ಟ್ರೂ ಹೇಳಲಿಲ್ಲ. ಅದನ್ನು ಜಪಾನಿಗೆ ಬಂದು ಕೇಳಬೇಕಾಯಿತಲ್ಲ ಎಂದು ಅವರೆಲ್ಲರ ಮೇಲೂ ಕೋಪ ಬಂತು.

ಕೆಂಪು ಪಟ್ಟಿ

ಕೋಣೆಯ ಮೂಲೆಯಲ್ಲಿ ಒಂದು ಫ್ರಿಜ್ ಇತ್ತು. ಮೋರಿ ಬಾಗಿಲು ತೆಗೆದರು. ಪ್ರತಿಯೊಂದು ತಟ್ಟೆಯ ಮೇಲೂ ಹಿಂದಿನ ಗೋಡೆಗೆ ನಾಲ್ಕು ಬೆರಳು ಮುಂಚೆ ಕೆಂಪು ಪಟ್ಟಿ ಅಂಟಿಸಿದ್ದರು. ಪಟ್ಟಿಯ ಆಚೆ ಏನೂ ಇಲ್ಲ, ಖಾಲಿ. ಈಚೆ ಮಾತ್ರ ಪುಟ್ಟ ಬಾಟಲಿಗಳು ಒತ್ತೊತ್ತಾಗಿ ಕೂತಿದ್ದವು.

ಇದಕ್ಕೂ ಸಿಟ್ಟು ಬಂತು ನನಗೆ. "ಇಷ್ಟೊಂದು ಜಾಗ ಯಾಕೆ ದಂಡ ಮಾಡಿದ್ದೀರಿ?" ಎಂದು ಕೇಳಿಯೇಬಿಟ್ಟೆ.

ಆಕೆ ನಕ್ಕರು. "ಹಿಂದಿನ ಗೋಡೆ ತುಂಬ ತಣ್ಣಗೆ. ತಾಗಿದ್ದು ಹೆಪ್ಪುಗಟ್ಟುತ್ತದೆ. ಒಮ್ಮೆ ನಮ್ಮ ಇನ್ಸುಲಿನ್ ಬಾಟಲಿ ಹಾಗಾಗಿತ್ತು, ಯಾರೂ ನೋಡಲಿಲ್ಲ. ಕರಗಿದ ಮೇಲೆ ನೀರಿನ ಹಾಗೇ ಇತ್ತು. ಆದರೆ ಒಮ್ಮೆ ಹೆಪ್ಪುಗಟ್ಟಿದ್ದನ್ನು ನಂಬುವ ಹಾಗಿಲ್ಲ, ಸರಗಳು ಒಂದಕ್ಕೊಂದು ಅಂಟಿ ಕೆಟ್ಟುಹೋಗುತ್ತವೆ. ಅದನ್ನೇ ಜೀವಕೋಶಗಳಿಗೆ ಹಾಕುತ್ತಿದ್ದೆವು. ಅವು ಬೆಳೆಯಲೇ ಇಲ್ಲ. ಒಂದು ತಿಂಗಳು ನಾವು ಜೀವಕೋಶಗಳನ್ನೇ ಬೈದೆವು."

ನಮ್ಮ ಫ್ರಿಜ್ಜಿನಲ್ಲಿ ಮೊಟ್ಟೆ ಹಾಳೆಗಳಿಗೆ ಗಾಳಿಯಾಡಬೇಕೆಂದು ಮುಂದೆ ಜಾಗ ಬಿಟ್ಟು, ಇನ್ಸುಲಿನ್ ಬಾಟಲಿಗಳನ್ನೆಲ್ಲ ಹಿಂದಿನ ಗೋಡೆಗೆ ಒತ್ತಿ ಇಟ್ಟವಳು ನಾನು. ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದವಳು ನಾನು.

ಗಡಿಯಾರ ನೋಡಿದೆ. ಹನ್ನೊಂದು ಗಂಟೆ. ಊರಲ್ಲಿ ಏಳೂವರೆ, ಬೆಳಗಿನ ಸೂಜಿಗೆ ಇನ್ನೂ ಅರ್ಧ ಗಂಟೆ ಇತ್ತು. ನನ್ನ ಫೋನಿಗೆ ನೆಟ್ ಇಲ್ಲ. ತಂಡಕ್ಕೆಲ್ಲ ಒಂದೇ ವೈಫೈ ಡಬ್ಬಿ, ಅದು ಮುಖ್ಯಸ್ಥರ ಕೋಟಿನ ಜೇಬಿನಲ್ಲಿ. ಸಭಾಂಗಣಕ್ಕೆ ಓಡಿದೆ. ಅವರು ಮೈಕಿನ ಮುಂದೆ ನಿಂತು ಭಾರತದ ರೇಷ್ಮೆಯ ಹಿರಿಮೆ ಹೇಳುತ್ತಿದ್ದರು. ವೇದಿಕೆ ಹತ್ತಿ ಅವರ ಜೇಬಿಗೆ ಕೈ ಹಾಕಿ ಡಬ್ಬಿ ತೆಗೆದುಕೊಂಡು ಇಳಿದೆ. ಮುಂದಿನ ಸಾಲಿನ ಜಪಾನೀಯರು, ಇದೂ ಕಾರ್ಯಕ್ರಮದ ಒಂದು ಭಾಗವಿರಬೇಕೆಂದು ಮೆಲ್ಲಗೆ ಚಪ್ಪಾಳೆ ತಟ್ಟಿದರು.

"ಆ ಬಾಟ್ಲು ಚುಚ್ಚಬೇಡಿ!" ಎಂದು ಫೋನಲ್ಲಿ ನಾರಾಯಣಸ್ವಾಮಿಗೆ ಕೂಗಿದೆ. "ಅದು ಗಟ್ಟಿಯಾಗಿತ್ತಾ? ನೆನಪು ಮಾಡ್ಕೊಳ್ಳಿ!"

"ಹೂಂ, ನೀನು ಹೋದ ದಿನ ಹೊಸಾದು ತೆಗೆದ್ನಲ್ಲ, ಐಸ್ ಆಗಿತ್ತು. ಹುಳುಮನೆ ಬಿಸೀಲಿ ಇಟ್ಟೆ, ಕರಗೋಯ್ತು. ನೀನೇ ಅಂತಿದ್ಯಲ್ಲ, ತಣ್ಣಗಿದ್ದಷ್ಟೂ ಬಾಳಿಕೆ ಬರತ್ತೆ ಅಂತ."

ಹೌದು, ಅಂದಿದ್ದೆ. ಮೊಟ್ಟೆಯ ವಿಷಯದಲ್ಲಿ ಅಂದಿದ್ದೆ.

"ಪಲ್ಲವಿ ಎಲ್ಲಿ?"

"ಬೆಳಿಗ್ಗೆಯಿಂದ ವಾಂತಿ ಮಾಡ್ಕೊಂತೌಳೆ. ಉಸ್ರು ಒಂಥರಾ ಎಳೀತೌಳೆ. ಶಬಾನಾ ಆಪಾ ಆಗ್ಲೇ ಆಟೋ ಕರ್ದವ್ರೆ. ನಾನೇ, ನಿನ್ನ ಕೇಳಿ ಹೋಗಾಣ ಅಂತ..."

"ನನ್ನ ಕೇಳ್ಬೇಡಿ! ಹೋಗಿ! ಕೋಲಾರಕ್ಕೆ ಹೋಗಿ! ಡಾಕ್ಟ್ರಿಗೆ ಹೇಳಿ, ಮೂರು ದಿನದಿಂದ ಇವಳಿಗೆ ಬರೀ ನೀರು ಚುಚ್ಚಿದೀವಿ ಅಂತ."

ಉಳಿದ ಎರಡು ದಿನ

ಆಮೇಲಿನ ಎರಡು ದಿನದಲ್ಲಿ ನಮಗೆ ಒಂದು ಜಲಪಾತ, ಒಂದು ಹಳೆಯ ನೂಲಿನ ಕಾರ್ಖಾನೆ ತೋರಿಸಿದರಂತೆ. ಫೋಟೋದಲ್ಲಿ ನಾನಿದ್ದೇನೆ. ನೆನಪಿಲ್ಲ. ಟಿಕೆಟು ಬದಲಾಗಲಿಲ್ಲ. ಬದಲಾಯಿಸಲು ಆಗದು ಎಂದ ಕೌಂಟರಿನ ಹುಡುಗ ಮೂರು ಸಲ ತಲೆಬಾಗಿದ. ಬಾಗಿದ ತಲೆಯ ಮೇಲೆ ಹೇಗೆ ಕೂಗಾಡುವುದು? ಬೈಯಬೇಕಾದವಳು ಯಾರೆಂದು ನನಗೂ ಗೊತ್ತಿತ್ತು.

ಕೋಲಾರದ ಆಸ್ಪತ್ರೆಯಲ್ಲಿ ಅವಳನ್ನು ಐಸಿಯುಗೆ ಹಾಕಿದರು. ಎರಡನೆಯ ದಿನ ಸಕ್ಕರೆ ಇಳಿಯಿತು, ಉಸಿರು ಸರಿಯಾಯಿತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದ್ದನ್ನು ನಾರಾಯಣಸ್ವಾಮಿ ನನಗೆ ತಿಳಿಸದೆ ಮುಚ್ಚಿಟ್ಟರು. ಶಬಾನಾ ಆಪಾ ಮುಚ್ಚಿಡಲಿಲ್ಲ.

ವಿಮಾನದಲ್ಲಿ ಚೌಡಪ್ಪ ತಮ್ಮ ಕಂಬಳಿಯನ್ನೂ ನನ್ನ ಮೇಲೆ ಹೊದಿಸಿ, "ತೆಲೀಕ ಮಾಡಿದ್ದಮ್ಮಾ. ಬೇಕು ಅಂತ ಮಾಡಿಲ್ಲ," ಎಂದರು.

"ಫ್ರಿಜ್ಜಿಂದು ಗೊತ್ತಿಲ್ದೆ ಮಾಡಿದ್ದು," ಎಂದೆ. "ಬೈದಿದ್ದು ಗೊತ್ತಿದ್ದೇ ಮಾಡಿದ್ದು."

ಹನ್ನೆರಡು ವರ್ಷದ ಮಗು ಎರಡು ಸಲ "ತಿಂದಿಲ್ಲ" ಎಂದಿತ್ತು. ಒಂದು ಸಲವೂ ನಾನು ನಂಬಿರಲಿಲ್ಲ. ಬಾಟಲಿಯ ಮೇಲೆ, ಗಂಡನ ಮೇಲೆ, ಕರೆಂಟಿನ ಮೇಲೆ ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ, ಅವಳ ಮೇಲೆ ಮಾತ್ರ ಬಂತು.

ಮತ್ತೆ ಗೌನಿಪಲ್ಲಿ

ನಾನು ಮನೆ ಸೇರುವ ಹೊತ್ತಿಗೆ ಪಲ್ಲವಿ ಆಸ್ಪತ್ರೆಯಿಂದ ಬಂದಿದ್ದಳು. ಕೈಯ ಮೇಲೆ ಸಲೈನ್ ಸೂಜಿಯ ನೀಲಿ ಗುರುತು. ತಂದಿದ್ದ ಬಣ್ಣದ ಪೆನ್ಸಿಲ್ ಡಬ್ಬಿಯನ್ನು ಮುಂದಿಟ್ಟೆ. ನೋಡಲಿಲ್ಲ. ಪಕ್ಕದಲ್ಲಿ ಕೂತು, "ತಪ್ಪಾಯ್ತು ಕಣೇ ಕಂದ," ಎಂದೆ. ಗೋಡೆಯ ಕಡೆ ತಿರುಗಿದಳು.

ಮೂರು ದಿನ ಮಾತಿಲ್ಲ. ಸೂಜಿಗೆ ಹೊಟ್ಟೆ ತೋರಿಸುತ್ತಿದ್ದಳು, ಮುಖ ತೋರಿಸುತ್ತಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ತಾನಾಗಿಯೇ ಬಾಯಿಬಿಟ್ಟಳು.

"ನಂಗೊಬ್ಳಿಗೇ ಯಾಕೆ ಹೇಳ್ತೀಯ? ಕಳ್ಳಿ ಅಂದಿದ್ದು ಎಲ್ಲರ ಮುಂದೆ ತಾನೆ?"

ಅವಳು ಹೇಳಿದ್ದು ಸರಿಯಾಗಿತ್ತು. ಆದರೂ ಒಳಗೆ ನನ್ನ ಹಳೆಯ ಸಿಟ್ಟು ಒಮ್ಮೆ ತಲೆಯೆತ್ತಿತು. ಕೆಲಸದವರ ಮುಂದೆ ನಾನು ಕೈ ಕಟ್ಟಿ ನಿಲ್ಲಬೇಕೇ ಎಂದುಕೊಂಡೆ. ಆ ಸಿಟ್ಟನ್ನು ನುಂಗಿಕೊಂಡು ಎದ್ದೆ.

ಬೆಳಗಿನ ಮೊದಲ ಸೊಪ್ಪು ಕೊಡುವ ಹೊತ್ತು. ಹೆಂಗಸರು ತಟ್ಟೆಗಳ ಮೇಲೆ ಬಗ್ಗಿ ಕತ್ತರಿಸಿದ ಸೊಪ್ಪನ್ನು ಉದುರಿಸುತ್ತಿದ್ದರು. ಶಬಾನಾ ಆಪಾ ಕಿಟಕಿಯ ಹೊರಗೆ ನಿಂತಿದ್ದರು. ಪಲ್ಲವಿ ಕಾಲು ತೊಳೆದು ಬಂದು ಹೊಸ್ತಿಲ ಒಳಗೆ ನಿಂತಳು. ಎಲ್ಲರೂ ಕೈ ನಿಲ್ಲಿಸಿ ಒಂದು ನಿಮಿಷ ಕೇಳಿ ಎಂದೆ.

"ಅವತ್ತು ಫೋನಲ್ಲಿ ಇವಳನ್ನ ಕಳ್ಳಿ ಅಂದೆ. ಇವಳು ಏನೂ ಕದ್ದಿರ್ಲಿಲ್ಲ. ಔಷಧಿ ಹಾಳು ಮಾಡಿದ್ದು ನಾನು. ಮೊಟ್ಟೆಗೆ ಜಾಗ ಮಾಡೋಕೆ ಹೋಗಿ ಇವಳ ಇನ್ಸುಲಿನ್ ಐಸ್ ಮಾಡಿದೆ. ಸಾಯೋ ಹಂಗಾಗಿದ್ದ ಮಗೂನ ಸುಳ್ಳಿ ಅಂದೆ. ತಪ್ಪು ನಂದು."

ಹುಳುಗಳು ಸೊಪ್ಪು ಕಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಮುಗಿಯಿತು ಎಂದುಕೊಂಡು ಸೊಪ್ಪಿನ ಬುಟ್ಟಿಗೆ ಕೈ ಹಾಕಿದೆ.

"ಅಮ್ಮ," ಎಂದಳು ಪಲ್ಲವಿ, ಬಾಗಿಲಿನಿಂದಲೇ. "ಶಬಾನಾ ಆಪಾಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದು ಸಲ ಹೇಳು."

ಕಿಟಕಿಯ ಹತ್ತಿರ ಹೋಗಿ ಇನ್ನೊಂದು ಸಲ ಹೇಳಿದೆ, ಬೈಯುವಾಗ ಎಷ್ಟು ಜೋರಾಗಿ ಹೇಳಿದ್ದೆನೋ ಅಷ್ಟೇ ಜೋರಾಗಿ.